ಐಸ್‌ಫೀಲ್ಡ್ಸ್ ಪಾರ್ಕ್‌ವೇ ಡ್ರೈವ್, ಅಥಬಾಸ್ಕಾ ಗ್ಲೇಸಿಯರ್ ಮೇಲೆ ಗೈಡ್ ಜೊತೆ ನಡಿಗೆ: ಅಮ್ಮ, ಮಗ ಜೊತೆಗಿದ್ದಾರೆ, ಪ್ಲಾನ್ ನೋಡಿ ಹೇಳ್ತೀರಾ?

ಮಳೆಹನಿ

ಎಲ್ಲರಿಗೂ ನಮಸ್ಕಾರ. ನಾವು ಕೆನಡಾದ ಬ್ರ್ಯಾಂಪ್ಟನ್‌ನಲ್ಲಿರೋದು. ಆಗಸ್ಟ್ ಮೂರನೇ ವಾರ ಕ್ಯಾಲ್ಗರಿಗೆ ಫ್ಲೈಟಲ್ಲಿ ಹೋಗಿ ಅಲ್ಲಿಂದ ಬಾಡಿಗೆ ಕಾರು ತಗೊಂಡು ಬ್ಯಾನ್ಫ್, ಲೇಕ್ ಲೂಯಿಸ್, ಜಾಸ್ಪರ್ ಸುತ್ತಿ ಬರೋಣ ಅಂತ ಹೊರಟಿದ್ದೀವಿ. ನಾನು, ನಮ್ಮ ಮನೆಯವ್ರು, 10 ವರ್ಷದ ಮಗ, ಜೊತೆಗೆ ಊರಿಂದ ಬಂದಿರೋ ನಮ್ಮಮ್ಮ. ಅಮ್ಮಂಗೆ 66, ಮಂಡಿ ನೋವಿದೆ, ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ಆರಾಮಾಗಿ ನಡೀತಾರೆ, ಹತ್ತೋದು ಇಳಿಯೋದು ಅಂದ್ರೆ ಕಷ್ಟ.

ಈಗಿರೋ ಪ್ಲಾನ್ ಇಷ್ಟು. ಮೊದಲ ದಿನ ಮಧ್ಯಾಹ್ನ ಕ್ಯಾಲ್ಗರಿಯಲ್ಲಿ ಇಳಿದು ರಾತ್ರಿ ಕ್ಯಾನ್ಮೋರ್. ಎರಡನೇ ದಿನ ಬೆಳಿಗ್ಗೆ 7ಕ್ಕೆ ಹೊರಟು ಲೇಕ್ ಲೂಯಿಸ್, ಮೊರೇನ್ ಲೇಕ್, ಬೋ ಲೇಕ್, ಪೇಟೋ ಲೇಕ್ ಎಲ್ಲಾ ನೋಡ್ಕೊಂಡು 11 ಗಂಟೆಗೆ ಅಥಬಾಸ್ಕಾ ಗ್ಲೇಸಿಯರ್ (ಹಿಮನದಿ) ಮೇಲೆ ಹೈಕು, ಸಂಜೆ ಜಾಸ್ಪರ್. ಮೂರನೇ ದಿನ ಜಾಸ್ಪರಿಂದ ವಾಪಸ್ ಕ್ಯಾಲ್ಗರಿ, ರಾತ್ರಿ 8ಕ್ಕೆ ಫ್ಲೈಟು.

ನನ್ನ ಪ್ರಶ್ನೆ ಏನಂದ್ರೆ, ಇದೆಲ್ಲಾ ಆಗುತ್ತಾ? ಗೈಡ್ ಜೊತೆ ಹೋಗೋಕೆ ಮೂರು ಜನಕ್ಕೆ ಚೆನ್ನಾಗೇ ದುಡ್ಡಾಗುತ್ತೆ, ಆದ್ರೆ ಫೋಟೋಗಳಲ್ಲಿ ನೋಡಿದ್ರೆ ರಸ್ತೆ ಪಕ್ಕದ ಪಾರ್ಕಿಂಗಿಂದಾನೇ ಐಸು ಕಾಣುತ್ತೆ, ಸುಮ್ನೆ ನಡ್ಕೊಂಡು ಹೋಗಿ ಮುಟ್ಟಿ ಬರಬಹುದು ಅನ್ಸುತ್ತೆ. ಗೈಡ್ ನಿಜವಾಗ್ಲೂ ಬೇಕಾ? ನಾವು ಐಸ್ ಮೇಲಿದ್ದಾಗ ಅಮ್ಮ ಏನು ಮಾಡ್ಬೇಕು, ಕಾರಲ್ಲಿ ಕೂರಿಸಿ ಹೋಗೋಕೆ ನಂಗೆ ಮನಸ್ಸಿಲ್ಲ. ಹೋಗಿ ಬಂದೋರು ದಯವಿಟ್ಟು ಹೇಳಿ, ನಾವ್ಯಾರೂ ಐಸ್ ಮೇಲೆ ಹೀಗೆ ನಡೆದವರಲ್ಲ.

ದಾರಿಹೋಕ_ವೈವೈಸಿ

ಮೇಡಂ ನಮಸ್ತೆ. ನಾನು ಕ್ಯಾಲ್ಗರಿಯಲ್ಲೇ ಇರೋದು, ಆ ಐಸ್‌ಫೀಲ್ಡ್ಸ್ ಪಾರ್ಕ್‌ವೇ ರಸ್ತೇಲಿ ಬೇಸಿಗೆ ಚಳಿಗಾಲ ಎರಡರಲ್ಲೂ ಓಡಾಡಿದ್ದೀನಿ. ನೇರವಾಗಿ ಹೇಳ್ಬಿಡ್ತೀನಿ, ನಿಮ್ಮ ಎರಡನೇ ದಿನ ಆಗೋ ಮಾತಲ್ಲ. ಕ್ಯಾನ್ಮೋರಿಂದ ಲೇಕ್ ಲೂಯಿಸ್‌ಗೆ ಸುಮಾರು 80 ಕಿಲೋಮೀಟರು, ಲೇಕ್ ಲೂಯಿಸಿಂದ ಗ್ಲೇಸಿಯರ್ ಎದುರಿನ ಕೊಲಂಬಿಯಾ ಐಸ್‌ಫೀಲ್ಡ್ ಸೆಂಟರ್‌ಗೆ ಇನ್ನೊಂದು 130 ಹತ್ತಿರ. ಎಲ್ಲೂ ನಿಲ್ಲಿಸದೆ ಹೋದ್ರೇನೇ ಎರಡೂವರೆ ಗಂಟೆ ಹಿಡಿಯುತ್ತೆ, ಹೈಕಿನವರು ಅರ್ಧ ಗಂಟೆ ಮುಂಚೆ ಬಂದು ಬೂಟು ಹಾಕ್ಕೊಳ್ಳಿ ಅಂತಾರೆ. ಅಂದ್ರೆ 11 ಗಂಟೆ ಹೈಕಿಗೆ ಬೆಳಿಗ್ಗೆ 7ಕ್ಕೆ ಹೊರಟ್ರೆ ನಿಮಗೆ ಉಳಿಯೋದು ಒಂದು ಗಂಟೆ, ಅದರಲ್ಲಿ ನಾಲ್ಕು ಕೆರೆ ನೋಡೋಕಾಗಲ್ಲ. ಮೊರೇನ್ ಲೇಕಂತೂ ಲೆಕ್ಕದಿಂದ ತೆಗೆದುಬಿಡಿ, 2023ರಿಂದ ಅಲ್ಲಿಗೆ ಸ್ವಂತ ಕಾರು ಬಿಡಲ್ಲ, ಶಟಲ್ ಬುಕ್ ಮಾಡ್ಕೊಂಡೇ ಹೋಗ್ಬೇಕು, ಅದಕ್ಕೇ ಅರ್ಧ ದಿನ ಎತ್ತಿಡಬೇಕು.

ನನ್ನ ಸಲಹೆ, ಒಂದು ದಿನ ಜಾಸ್ತಿ ಮಾಡ್ಕೊಳ್ಳಿ. ಆಗಲ್ಲ ಅಂದ್ರೆ ಜಾಗ ಕಮ್ಮಿ ಮಾಡಿ, ರಸ್ತೆಗೆ ಮಾತ್ರ ಮೋಸ ಮಾಡಬೇಡಿ. ಯಾಕಂದ್ರೆ ಇಲ್ಲಿ ರಸ್ತೇನೇ ಊಟ, ಉಳಿದಿದ್ದೆಲ್ಲ ಉಪ್ಪಿನಕಾಯಿ. ಲೇಕ್ ಲೂಯಿಸಿಂದ ಜಾಸ್ಪರ್‌ವರೆಗೆ ಹತ್ತತ್ರ 230 ಕಿಲೋಮೀಟರು, ಎರಡೂ ಕಡೆ ಬೆಟ್ಟ, ಪ್ರತಿ ತಿರುವಲ್ಲೂ ಇನ್ನೊಂದು ಹಿಮದ ತುಂಡು ನೇತಾಡ್ತಿರುತ್ತೆ. ದೊಡ್ಡ ಸರಕು ಲಾರಿಗಳನ್ನ ಈ ರಸ್ತೇಲಿ ಬಿಡಲ್ಲ, ಹಾಗಾಗಿ ಓಡಿಸೋರಿಗೂ ನೆಮ್ಮದಿ. ಸ್ಪೀಡ್ ಲಿಮಿಟ್ 90, ಅದನ್ನ ಮೀರಿ ಹೋಗಬೇಕು ಅಂತ ಅನ್ಸೋದೂ ಇಲ್ಲ.

ಒಂದು ಉಪಾಯ ಹೇಳ್ತೀನಿ. ಹೋಗ್ತಾ ಎಲ್ಲಾ ನೋಡೋಕೆ ಹೋಗಬೇಡಿ, ಹೆಂಗಿದ್ರೂ ಅದೇ ರಸ್ತೇಲಿ ವಾಪಸ್ ಬರ್ತೀರಲ್ಲ. ಹೋಗ್ತಾ ಬೋ ಲೇಕ್ ಒಂದೇ ನಿಲ್ಲಿಸಿ, ಬೆಳಿಗ್ಗೆ ಗಾಳಿ ಏಳೋಕೆ ಮುಂಚೆ ನೀರು ಕನ್ನಡಿ ತರ ಇರುತ್ತೆ, ದಡದಲ್ಲೇ ಕಾರು ನಿಲ್ಲೋದ್ರಿಂದ ಅಮ್ಮಂಗೂ ಶ್ರಮ ಇಲ್ಲ. ಪೇಟೋ ಲೇಕ್ ವಾಪಸ್ ಬರೋವಾಗ ಮಧ್ಯಾಹ್ನ ಇಟ್ಕೊಳ್ಳಿ. ಬಿಸಿಲು ನೆತ್ತಿ ಮೇಲಿದ್ದಾಗ್ಲೇ ಆ ನೀಲಿ ಪೂರ್ತಿ ಬಿಚ್ಕೊಳ್ಳೋದು. ಗ್ಲೇಸಿಯರ್ ಬಂಡೆಯನ್ನ ಅರೆದು ಹಿಟ್ಟು ಮಾಡಿ ನೀರಿಗೆ ಬಿಡುತ್ತೆ, ಆ ಸಣ್ಣ ಪುಡಿ ನೀರಲ್ಲಿ ತೇಲ್ತಾ ಬೆಳಕನ್ನ ಚದುರಿಸೋದ್ರಿಂದ ಆ ಬಣ್ಣ. ಜುಲೈ ಆಗಸ್ಟಲ್ಲಿ ಕರಗೋದು ಜಾಸ್ತಿ, ಬಣ್ಣಾನೂ ಜಾಸ್ತಿ, ನೀವು ಸರಿಯಾದ ಟೈಮಿಗೇ ಹೋಗ್ತಿದ್ದೀರ. ಪಾರ್ಕಿಂಗಿಂದ ವ್ಯೂಪಾಯಿಂಟಿಗೆ ಟಾರು ಹಾಕಿದ ದಾರಿ ಇದೆ, ದೂರ ಇಲ್ಲ ಆದ್ರೆ ಏರು, ಅಮ್ಮ ನಿಂತು ನಿಂತು ಹತ್ತಲಿ. ಮೇಲಿನ ಪಾರ್ಕಿಂಗ್ ಬಸ್ಸುಗಳಿಗೆ ಮತ್ತೆ ಅಂಗವಿಕಲರ ಪರ್ಮಿಟ್ ಇರೋರಿಗೆ ಮಾತ್ರ.

ಇನ್ನು ಗೈಡ್ ವಿಷಯ. ಬೇಕು. ಅದರ ಬಗ್ಗೆ ಬೇರೆಯವರೂ ಬರೀತಾರೆ ಅನ್ಕೋತೀನಿ.

ಗಾಲಿಗೆಳೆಯ

ನಾನು ಒಪ್ಪಲ್ಲ. ನಾವು ನಾಲ್ಕು ಜನ ಫ್ರೆಂಡ್ಸ್ ಹೋಗಿದ್ದಾಗ ಪಾರ್ಕಿಂಗಿಂದ ಮೇಲೆ ಹತ್ತಿ ಸೀದಾ ಐಸ್ ಮೇಲೆ ಒಂದು ಇಪ್ಪತ್ತು ಹೆಜ್ಜೆ ಹೋಗಿ ಫೋಟೋ ತಗೊಂಡು ಬಂದ್ವಿ, ಯಾರೂ ಏನೂ ಅನ್ಲಿಲ್ಲ, ಇನ್ನೂ ಎಷ್ಟೋ ಜನ ಇದ್ರು. ಮಾಮೂಲಿ ಶೂನೇ ಹಾಕಿದ್ದು. ಸುಮ್ನೆ ದುಡ್ಡು ಯಾಕೆ, ಆ ದುಡ್ಡಲ್ಲಿ ಒಂದು ರಾತ್ರಿ ಜಾಸ್ತಿ ಉಳ್ಕೊಳ್ಳಿ.

ಕಲ್ಲುಮಂಜು

ಗಾಲಿಗೆಳೆಯ ಅವರೇ, ನಿಮಗೆ ಏನೂ ಆಗ್ಲಿಲ್ಲ ಅನ್ನೋದು ಸಂತೋಷ, ಆದ್ರೆ ಹತ್ತು ವರ್ಷದ ಮಗು ಕರ್ಕೊಂಡು ಹೋಗೋ ತಾಯಿಗೆ ಈ ಸಲಹೆ ಕೊಡಬೇಡಿ ಪ್ಲೀಸ್. ಅಲ್ಲಿ ಹಗ್ಗ ಕಟ್ಟಿ ಬೋರ್ಡ್ ಹಾಕಿರೋದು ಅಲಂಕಾರಕ್ಕಲ್ಲ. ಆ ಗ್ಲೇಸಿಯರಿನ ತುದೀಲೇ ಬಿರುಕಿಗೆ ಬಿದ್ದು ಜನ ಸತ್ತಿದ್ದಾರೆ, ಬೋರ್ಡಲ್ಲೂ ಅದನ್ನೇ ಬರೆದಿದ್ದಾರೆ.

ಬಿರುಕು ಅಂದ್ರೆ ಏನು ಅಂತ ಗೊತ್ತಾದ್ರೆ ಯಾರೂ ಹಂಗೆ ಹೋಗಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ. ಗ್ಲೇಸಿಯರ್ ನಿಂತ ಮಂಜುಗಡ್ಡೆ ಅಲ್ಲ, ಮೇಲಿಂದ ಕೆಳಗೆ ದಿನಾ ಸ್ವಲ್ಪ ಸ್ವಲ್ಪ ಹರಿಯೋ ಮಂಜುಗಡ್ಡೆ. ಕೆಳಗಿರೋ ಬಂಡೆ ಎಲ್ಲಿ ಉಬ್ಬಿದೆಯೋ ಅಲ್ಲಿ ಮೇಲ್ಪದರ ಸೀಳುತ್ತೆ, ಅದೇ ಕ್ರೆವಾಸ್. ಮೇಲೆ ಅಗಲ, ಕೆಳಗೆ ಹೋಗ್ತಾ ಹೋಗ್ತಾ ಇಕ್ಕಟ್ಟು, ಬೆಣೆ ತರ. ಬಿದ್ದವರು ತಳ ಮುಟ್ಟಲ್ಲ, ನಡುವೆ ಎದೆ ಹತ್ರ ಸಿಕ್ಕಿಹಾಕ್ಕೋತಾರೆ. ಮೈಯ ಬಿಸಿಗೆ ಅಕ್ಕಪಕ್ಕದ ಐಸ್ ಕರಗಿ ಇನ್ನೂ ಕೆಳಗೆ ಜಾರ್ತಾರೆ, ಅದರ ಮೇಲೆ ಕರಗಿದ ನೀರು ಸುರೀತಾ ಇರುತ್ತೆ. ರಕ್ಷಣೆಯವರು ಬರೋ ಹೊತ್ತಿಗೆ ಮೈ ಶಾಖ ಇಳಿದುಹೋಗಿರುತ್ತೆ. ಈ ಐಸಿನ ದಪ್ಪ 90ರಿಂದ 300 ಮೀಟರ್ ಅಂತ ರಾಷ್ಟ್ರೀಯ ಉದ್ಯಾನ ನೋಡ್ಕೊಳ್ಳೋ ಪಾರ್ಕ್ಸ್ ಕೆನಡಾದವರು ಹೇಳ್ತಾರೆ, ಅದರ ಮೇಲೆ ನೀವು ಇಪ್ಪತ್ತು ಹೆಜ್ಜೆ ಹೋದ್ರಿ.

ನಾನು ಬುದ್ಧಿ ಹೇಳೋಕೆ ಬರೀತಿಲ್ಲ, ನಂಗೇ ಆಗಿದ್ದು ಹೇಳ್ತೀನಿ. ಸುಮಾರು ವರ್ಷದ ಹಿಂದೆ ಜೂನ್ ತಿಂಗಳು, ನಾನು ನನ್ನ ತಮ್ಮ ಇಬ್ಬರೇ, ಹಗ್ಗ ದಾಟಿ ಹೋದ್ವಿ. ಮೇಲೆ ಹಳೇ ಹಿಮ ಬಿಳೀ ಚಾದರ ಹಾಸಿದಂಗಿತ್ತು, ಎಲ್ಲೂ ಬಿರುಕು ಕಾಣ್ಲಿಲ್ಲ. ನನ್ನ ಬಲಗಾಲು ತೊಡೆವರೆಗೂ ಒಳಗೆ ಹೋಯ್ತು, ಪಾದದ ಕೆಳಗೆ ಏನೂ ಸಿಗ್ಲಿಲ್ಲ, ಬರೀ ತಣ್ಣನೆ ಗಾಳಿ. ತಮ್ಮ ಜಾಕೆಟ್ ಹಿಡಿದು ಎಳೆದ. ಆ ಕಾಲಿನ ಕೆಳಗಿನ ಖಾಲಿ ಈಗಲೂ ನೆನಪಾದ್ರೆ ಮೈ ಜುಮ್ಮನ್ನುತ್ತೆ. ಅಮ್ಮಂಗೆ ನಾವಿಬ್ಬರೂ ಇವತ್ತಿನವರೆಗೂ ಇದನ್ನ ಹೇಳಿಲ್ಲ.

ಆಮೇಲೆ ಎರಡು ಸಲ ಗೈಡ್ ಜೊತೆ ಹೋದೆ. ಜೂನಲ್ಲಿ ಹಿಮ ಮುಚ್ಚಿರೋದ್ರಿಂದ ಗೈಡ್ ಕೋಲಲ್ಲಿ ಚುಚ್ಚಿ ಚುಚ್ಚಿ ನೋಡಿ ಮುಂದೆ ಹೋಗ್ತಾರೆ, ಹಿಂದೆ ನಾವು ಅವರ ಹೆಜ್ಜೆ ಮೇಲೇ ಹೆಜ್ಜೆ ಇಡಬೇಕು. ಆಗಸ್ಟಲ್ಲಿ ಮೇಲಿನ ಹಿಮ ಕರಗಿ ಬರೀ ಐಸ್ ಇರುತ್ತೆ, ಬಿರುಕೆಲ್ಲ ಕಣ್ಣಿಗೆ ಕಾಣುತ್ತೆ, ಹಾಗಾಗಿ ಮಕ್ಕಳ ಜೊತೆ ಹೋಗೋಕೆ ಆಗಸ್ಟ್ ಒಳ್ಳೇದು. ಬುಕ್ ಮಾಡುವಾಗ ಗೈಡ್‌ಗಳು ಎಸಿಎಂಜಿ ಸರ್ಟಿಫಿಕೇಟ್ ಇರೋರಾ ಅಂತ ಕೇಳಿ, ಅದು ಕೆನಡಾದ ಪರ್ವತ ಗೈಡ್‌ಗಳ ಸಂಘ. ಮಕ್ಕಳ ವಯಸ್ಸಿನ ಮಿತಿ ಒಂದೊಂದು ಟೂರಿಗೆ ಒಂದೊಂದು ತರ ಇರುತ್ತೆ, ಮೂರು ಗಂಟೆಯ ಚಿಕ್ಕ ಹೈಕಿಗೆ 10 ವರ್ಷದವರನ್ನ ಸಾಮಾನ್ಯವಾಗಿ ಸೇರಿಸ್ಕೋತಾರೆ, ಇಡೀ ದಿನದ್ದು ಮಗೂಗೆ ಬೇಡ.

ಗಾಲಿಗೆಳೆಯ

ಕಲ್ಲುಮಂಜು ಅವರೇ, ನಂಗೆ ಇಷ್ಟು ಗೊತ್ತಿರ್ಲಿಲ್ಲ. ನಾವು ಹೋಗಿದ್ದು ಜೂನ್ ಕೊನೆ, ಹಿಮ ಇತ್ತು ಮೇಲೆ. ಈಗ ಯೋಚನೆ ಮಾಡಿದ್ರೆ ಭಯ ಆಗ್ತಿದೆ. ಮಳೆಹನಿ ಅವರೇ, ನನ್ನ ಮಾತು ವಾಪಸ್ ತಗೋತೀನಿ, ಗೈಡ್ ಜೊತೆನೇ ಹೋಗಿ.

ಮಳೆಹನಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಲ್ಲುಮಂಜು ಅವರ ಉತ್ತರ ಮನೆಯವ್ರಿಗೆ ಓದಿ ಹೇಳಿದೆ, ಅಲ್ಲಿಗೆ ಆ ಚರ್ಚೆ ಮುಗೀತು. ಮೂರು ಗಂಟೆ ಹೈಕು ಬುಕ್ ಮಾಡಿದ್ವಿ, ಫ್ಲೈಟ್ ಒಂದು ದಿನ ಮುಂದಕ್ಕೆ ಹಾಕ್ಸಿದ್ವಿ. ಈಗ ಉಳಿದಿರೋದು ಎರಡು ಚಿಂತೆ. ಅಮ್ಮ ಆ ಮೂರು ಗಂಟೆ ಏನು ಮಾಡ್ತಾರೆ? ಮತ್ತೆ ಬಟ್ಟೆ ಏನು ತಗೊಂಡು ಹೋಗ್ಬೇಕು, ಆಗಸ್ಟಲ್ಲಿ ಸ್ವೆಟರ್ ಸಾಕಲ್ವಾ?

ತಂಗಾಳಿ_ಎಡ್ಮಂಟನ್

ಅಕ್ಕ, ನಾನು ಹೋದ ವರ್ಷ ನಮ್ಮತ್ತೆ ಮಾವನ್ನ ಕರ್ಕೊಂಡು ಹೋಗಿದ್ದೆ, ಇದೇ ಸಮಸ್ಯೆ ಇತ್ತು. ಅವರಿಗೆ ಐಸ್ ಎಕ್ಸ್‌ಪ್ಲೋರರ್ ಬಸ್ ಮಾಡಿಸಿ. ಆಳುದ್ದದ ಟೈರಿರೋ ಆರು ಚಕ್ರದ ಬಸ್ಸು, ಸೀದಾ ಗ್ಲೇಸಿಯರ್ ಮೇಲೇ ಹೋಗಿ ನಿಲ್ಲುತ್ತೆ, ಅಲ್ಲಿ ಸಮತಟ್ಟು ಮಾಡಿರೋ ಜಾಗದಲ್ಲಿ ಇಳಿದು ಐಸ್ ಮೇಲೆ ನಿಂತು ಮುಟ್ಟಿ ನೋಡ್ಬಹುದು. ನಮ್ಮತ್ತೆಗೂ ಮಂಡಿ ನೋವು, ಬಸ್ಸಿನ ಮೆಟ್ಲು ಹತ್ತೋವಾಗ ಮಾತ್ರ ಕೈ ಹಿಡ್ಕೋಬೇಕಾಯ್ತು. ಟಿಕೆಟ್ ಜೊತೆ ಸ್ಕೈವಾಕೂ ಸೇರಿರುತ್ತೆ, ಅದು ಸುನ್ವಾಪ್ಟಾ ಕಣಿವೆಗೆ 280 ಮೀಟರ್ ಮೇಲೆ ಚಾಚಿರೋ ಗಾಜಿನ ಹಾದಿ, ಎತ್ತರ ಅಂದ್ರೆ ಅಮ್ಮಂಗೆ ತಲೆ ಸುತ್ತುತ್ತೆ ಅನ್ನೋದಾದ್ರೆ ಬಿಟ್ಬಿಡ್ಲಿ. ಒಬ್ರೇ ಹೋಗೋಕೆ ಅಮ್ಮ ಹಿಂಜರಿದ್ರೆ ನಿಮ್ಮಲ್ಲಿ ಒಬ್ರು ಅವರ ಜೊತೆ ಹೋಗಿ, ಇನ್ನೊಬ್ರು ಮಗನ ಜೊತೆ ಹೈಕ್ ಮಾಡಿ, ಹೊಸ ಜಾಗ, ಹೊಸ ಭಾಷೆ, ಅವರನ್ನ ಒಂಟಿ ಮಾಡಬಾರ್ದು. ಬಸ್ಸಲ್ಲಿ ಹೋದೋರು ಗ್ಲೇಸಿಯರ್ ನೋಡಿದಂಗಲ್ಲ ಅಂತ ಕೆಲವರು ಮೂಗು ಮುರೀತಾರೆ, ನಂಗೆ ಆ ಮಾತು ಹಿಡಿಸಲ್ಲ. ಆ ವಯಸ್ಸಲ್ಲಿ ಅಷ್ಟು ದೂರದಿಂದ ಬಂದು ಆ ಐಸ್ ಮೇಲೆ ಕಾಲಿಟ್ರಲ್ಲ, ಅದು ದೊಡ್ಡದು.

ಬಟ್ಟೆ ವಿಷಯದಲ್ಲಿ ಮೋಸ ಹೋಗಬೇಡಿ. ಪಾರ್ಕಿಂಗಲ್ಲಿ ಬಿಸಿಲು ಚುರುಗುಡ್ತಿರುತ್ತೆ, ಐಸ್ ಹತ್ರ ಹೋದ ತಕ್ಷಣ ಫ್ರಿಜ್ಜಿನ ಬಾಗಿಲು ತೆಗೆದಂಗೆ. ಐಸಿಂದ ತಣ್ಣಗಾದ ಗಾಳಿ ಭಾರ ಆಗಿ ಇಳಿಜಾರಲ್ಲಿ ಕೆಳಗೆ ಸುರೀತಾನೇ ಇರುತ್ತೆ, ಆಕಾಶ ಎಷ್ಟೇ ಶುಭ್ರ ಇದ್ರೂ ಅದು ನಿಲ್ಲಲ್ಲ. ಆಗಸ್ಟಲ್ಲೂ ಅಲ್ಲಿ ಹಿಮ ಬೀಳೋದುಂಟು. ಜೀನ್ಸ್ ಬೇಡ, ಒದ್ದೆ ಆದ್ರೆ ಒಣಗಲ್ಲ. ಒಳಗೊಂದು ತೆಳು ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ಮಳೆ ತಡೆಯೋ ಜಾಕೆಟ್, ಕಿವಿ ಮುಚ್ಚೋ ಟೋಪಿ. ಕೈಗೆ ಗ್ಲೌಸ್ ಬೇಕೇ ಬೇಕು, ಚಳಿಗೆ ಮಾತ್ರ ಅಲ್ಲ, ಬೇಸಿಗೆಯ ಐಸ್ ಮೇಲ್ಮೈ ಮರಳು ಕಾಗದದ ತರ ಒರಟು, ಬಿದ್ರೆ ಅಂಗೈ ಕಿತ್ಹೋಗುತ್ತೆ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಮರೀಬೇಡಿ, ಮೂಗಿನ ಕೆಳಗೆ ಗದ್ದದ ಕೆಳಗೂ ಹಚ್ಚಿ, ಬಿಸಿಲು ಕೆಳಗಿಂದಾನೂ ಪ್ರತಿಫಲಿಸುತ್ತೆ. ಬೂಟು, ಅದರ ಅಡಿಗೆ ಕಟ್ಟೋ ಮೊಳೆಪಟ್ಟಿ ಕ್ರಾಂಪನ್, ಎರಡೂ ಹೈಕಿನವರೇ ಕೊಡ್ತಾರೆ. ಕ್ರಾಂಪನ್ ಹಾಕ್ಕೊಂಡು ನಡೆಯೋವಾಗ ಪಾದ ಪೂರ್ತಿ ಊರಿ, ಮೊಳೆಗಳೆಲ್ಲಾ ಒಟ್ಟಿಗೆ ಕಚ್ಕೋಬೇಕು, ಕಾಲು ಸ್ವಲ್ಪ ಅಗಲ ಇಟ್ಟು ನಡೀರಿ, ಇಲ್ಲಾಂದ್ರೆ ಒಂದು ಕಾಲಿನ ಮೊಳೆ ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸ್ತೀರ. ಮಗಂಗೆ ಇದನ್ನ ಮೊದಲೇ ಹೇಳಿಕೊಡಿ, ಮಕ್ಕಳು ಓಡ್ತಾರೆ.

ದಾರಿಹೋಕ_ವೈವೈಸಿ

ನಾನು ಮರೆತಿದ್ದ ರಸ್ತೆ ವಿಷಯ ಇನ್ನೂ ಸ್ವಲ್ಪ. ಲೇಕ್ ಲೂಯಿಸಲ್ಲಿ ಟ್ಯಾಂಕ್ ತುಂಬಿಸಿ, ಮತ್ತೆ ಜಾಸ್ಪರ್‌ವರೆಗೆ ಇರೋದು ಸಸ್ಕಾಚೆವನ್ ಕ್ರಾಸಿಂಗಲ್ಲಿ ಒಂದೇ ಬಂಕು, ಅದೂ ಚಳಿಗಾಲದಲ್ಲಿ ಮುಚ್ಚಿರುತ್ತೆ, ರೇಟೂ ಜಾಸ್ತಿ. ದಾರಿಯ ಬಹುಪಾಲು ಫೋನ್ ಸಿಗ್ನಲ್ ಇರಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಹೈಕಿನ ಕನ್ಫರ್ಮೇಷನ್ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಈ ರಸ್ತೆಗೆ ಪಾರ್ಕ್ ಪಾಸ್ ಬೇಕು, ಲೇಕ್ ಲೂಯಿಸ್ ದಾಟಿ ಸ್ವಲ್ಪ ದೂರದಲ್ಲೇ ಗೇಟಿದೆ, ಪಾರ್ಕ್ಸ್ ಕೆನಡಾ ಸೈಟಲ್ಲಿ ಆ ವರ್ಷದ ದರ ನೋಡ್ಕೊಂಡು ಫ್ಯಾಮಿಲಿ ಪಾಸ್ ತಗೊಳ್ಳಿ. ಹೊರಡೋ ದಿನ ಬೆಳಿಗ್ಗೆ ರಸ್ತೆ ಸ್ಥಿತಿ ತಿಳಿಸೋ 511 ಆಲ್ಬರ್ಟಾ ಸೈಟ್ ನೋಡಿ, ಆಗಸ್ಟಲ್ಲಿ ಕಾಡ್ಗಿಚ್ಚಿನ ಹೊಗೆ ಬಂದ್ರೆ ಬೆಟ್ಟಾನೇ ಕಾಣಲ್ಲ.

ಕರಡಿ ಕಂಡ್ರೆ ಕಾರಿಂದ ಇಳೀಬೇಡಿ. ನಡ್ಕೊಂಡು ಹೋಗೋವಾಗ ಕರಡಿಗೂ ನಿಮಗೂ 100 ಮೀಟರ್, ಎಲ್ಕ್ ಜಿಂಕೆ, ಕಾಡುಕುರಿಗಳಿಗೆ 30 ಮೀಟರ್ ಅಂತರ ಇರಬೇಕು, ಇದು ನಿಯಮ. ರಸ್ತೆ ಮಧ್ಯ ಬ್ರೇಕ್ ಹಾಕಿ ನಿಲ್ಲೋದು ನೋಡಿದ್ದೀನಿ, ಹಿಂದಿನವರಿಗೆ ಎಷ್ಟು ಅಪಾಯ ಗೊತ್ತಾ.

ಜಾಸ್ಪರಲ್ಲಿ ರೂಮ್ ಇವತ್ತೇ ಬುಕ್ ಮಾಡಿ. 2024ರ ಜುಲೈ ಬೆಂಕಿಯಲ್ಲಿ ಊರಿನ ಕಟ್ಟಡಗಳಲ್ಲಿ ಹತ್ತತ್ರ ಮೂರನೇ ಒಂದು ಭಾಗ ಸುಟ್ಟುಹೋಯ್ತು, ಉಳ್ಕೊಳ್ಳೋ ಜಾಗಾನೂ ಕಮ್ಮಿ ಆಯ್ತು. ಸಿಗ್ದಿದ್ರೆ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ದೂರದ ಹಿಂಟನ್ ನೋಡಿ. ಜಾಸ್ಪರ್ ಹತ್ರ ಬರ್ತಾ ರಸ್ತೆ ಅಕ್ಕಪಕ್ಕ ಕಪ್ಪು ಕಂಬದಂಗೆ ನಿಂತಿರೋ ಮರಗಳು ಕಾಣ್ತವೆ, ನೋಡೋಕೆ ಹೊಟ್ಟೆ ತೊಳಸುತ್ತೆ, ಆದ್ರೂ ಹೋಗಿ. ಆ ಊರಿನವರು ಮತ್ತೆ ಅಂಗಡಿ ತೆಗೆದು ಕೂತಿದ್ದಾರೆ, ಅಲ್ಲೇ ಊಟ ಮಾಡಿ, ಅಲ್ಲೇ ಖರ್ಚು ಮಾಡಿ.

ಶಿಲಾಪ್ರೇಮಿ

ನಾನು ಒಂದೇ ಒಂದು ಮಾತು ಸೇರಿಸ್ತೀನಿ. ಗ್ಲೇಸಿಯರ್ ಮೇಲೆ ನಿಂತಾಗ ಮಗಂಗೆ ಸ್ನೋ ಡೋಮ್ ಯಾವುದು ಅಂತ ಗೈಡ್ ಹತ್ರ ಕೇಳಿ ತೋರ್ಸಿ. ಆ ಬೆಟ್ಟದ ನೆತ್ತಿ ಮೇಲೆ ಬಿದ್ದ ಹಿಮ ಕರಗಿ ಮೂರು ದಿಕ್ಕಿಗೆ ಹೋಗುತ್ತೆ. ಒಂದು ಕಡೆ ಅಥಬಾಸ್ಕಾ ನದಿ ಸೇರಿ ಉತ್ತರಕ್ಕೆ ಆರ್ಕ್ಟಿಕ್ ಸಾಗರ, ಇನ್ನೊಂದು ಕಡೆ ಸಸ್ಕಾಚೆವನ್ ನದಿ ಸೇರಿ ಹಡ್ಸನ್ ಕೊಲ್ಲಿ, ಮತ್ತೊಂದು ಕಡೆ ಕೊಲಂಬಿಯಾ ನದಿ ಸೇರಿ ಪೆಸಿಫಿಕ್. ಒಂದು ಹಿಡಿ ಹಿಮ ಮೂರು ಸಮುದ್ರ. 1898ರಲ್ಲಿ ನಾರ್ಮನ್ ಕಾಲಿ, ಹರ್ಮನ್ ವೂಲಿ ಅನ್ನೋ ಇಬ್ಬರು ಪಕ್ಕದ ಮೌಂಟ್ ಅಥಬಾಸ್ಕಾ ಹತ್ತಿದಾಗ ಈ ಐಸ್‌ಫೀಲ್ಡ್ ಅಂದ್ರೆ ಈ ಗ್ಲೇಸಿಯರ್ ಹರಿದು ಬರೋ ಹಿಮಬಯಲು ಅವರ ಕಣ್ಮುಂದೆ ಹರಡಿಕೊಂಡಿತ್ತು, ಹೊರಗಿನ ಪ್ರಪಂಚಕ್ಕೆ ಇದರ ಸುದ್ದಿ ಹೋಗಿದ್ದು ಅವರಿಂದ. ರಸ್ತೆ ಬಂದಿದ್ದು ಅದೆಷ್ಟೋ ಆಮೇಲೆ, 1930ರ ದಶಕದಲ್ಲಿ ಕೆಲಸ ಇಲ್ಲದೆ ಇದ್ದ ಜನಕ್ಕೆ ಕೂಲಿ ಕೊಡೋಕೆ ಅಂತ ಸರ್ಕಾರ ಶುರು ಮಾಡಿದ ಕೆಲಸ, 1940ರಲ್ಲಿ ತೆರೆದ್ರು.

ಮತ್ತೆ ಪಾರ್ಕಿಂಗಿಂದ ಗ್ಲೇಸಿಯರಿನ ತುದಿ ನೋಡೋ ಜಾಗಕ್ಕೆ ಹೋಗೋ ದಾರೀಲಿ ವರ್ಷ ಬರೆದ ಗುರುತುಗಳಿವೆ, ಆ ವರ್ಷ ಐಸು ಅಲ್ಲಿವರೆಗೂ ಇತ್ತು ಅಂತ. ಓದ್ಕೊಂಡು ನಿಧಾನಕ್ಕೆ ನಡೀರಿ. ಸುಮಾರು 125 ವರ್ಷದಲ್ಲಿ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಹಿಂದೆ ಸರಿದಿದೆ, ಅರ್ಧದಷ್ಟು ಐಸ್ ಹೋಗಿದೆ.

ಮಳೆಹನಿ

ಹೋಗಿ ಬಂದ್ವಿ! ಬಂದು ಒಂದು ವಾರ ಆಯ್ತು, ಬರೀಬೇಕು ಬರೀಬೇಕು ಅನ್ಕೊಂಡು ಇವತ್ತು ಕೂತೆ. ನೀವೆಲ್ಲ ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ಏನಾಯ್ತು ಅಂತ ಹೇಳ್ಲೇಬೇಕು.

ದಾರಿಹೋಕ ಅವರು ಹೇಳಿದಂಗೆ ಹೋಗ್ತಾ ಬೋ ಲೇಕ್ ಮಾತ್ರ ನಿಲ್ಲಿಸಿದ್ವಿ. ಬೆಳಿಗ್ಗೆ ಏಳೂವರೆ, ಯಾರೂ ಇಲ್ಲ, ಕೆಂಪು ಚಾವಣಿಯ ಲಾಡ್ಜ್, ಹಿಂದೆ ಬೆಟ್ಟ, ಎಲ್ಲಾ ನೀರಲ್ಲಿ ತಲೆಕೆಳಗಾಗಿ ನಿಂತಿತ್ತು. ಅಮ್ಮ ದಡದ ಕಲ್ಲು ಮೇಲೆ ಕೂತು ಅರ್ಧ ಗಂಟೆ ಮಾತೇ ಆಡ್ಲಿಲ್ಲ. ಹೊರಡೋಣ ಅಂದ್ರೆ ಇನ್ನೊಂದ್ ಸ್ವಲ್ಪ ಹೊತ್ತು ಇರೋಣ ಕಣೇ ಅಂದ್ರು. ಸುನ್ವಾಪ್ಟಾ ಪಾಸ್ ಅನ್ನೋ ಘಟ್ಟದ ಕಡೆ ರಸ್ತೆ ದೊಡ್ಡ ಕುಣಿಕೆ ತರ ತಿರುಗಿ ಮೇಲೇರುತ್ತಲ್ಲ, ಅಲ್ಲಿ ಮನೆಯವ್ರು ಕಾರು ನಿಲ್ಲಿಸಿ ಹಿಂದೆ ತಿರುಗಿ ನೋಡಿ ಅಂದ್ರು, ನಾವು ಬಂದ ರಸ್ತೆ ಕೆಳಗೆ ಕಣಿವೇಲಿ ದಾರದ ಎಳೆ ತರ ಬಿದ್ದಿತ್ತು.

ತಂಗಾಳಿ ಅವರ ಮಾತು ಕೇಳಿ ಮನೆಯವ್ರು ಅಮ್ಮನ ಜೊತೆ ಬಸ್ಸಲ್ಲಿ ಹೋದ್ರು, ನಾನು ಮಗ ಹೈಕಿಗೆ. ಅಳಿಯ ಅತ್ತೆ ಇಬ್ಬರೇ ಹೋಗಿದ್ದು ಅಮ್ಮಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಈಗ ಊರಿಗೆ ಫೋನ್ ಮಾಡಿದಾಗೆಲ್ಲ ಅದೇ ಕಥೆ. ಸ್ಕೈವಾಕ್‌ಗೆ ಅಮ್ಮ ಬೇಡ ಅಂದ್ರು, ನಾವೂ ಬಲವಂತ ಮಾಡ್ಲಿಲ್ಲ.

ಐಸ್ ಮೇಲಿನ ಆ ಮೂರು ಗಂಟೆ ಬಗ್ಗೆ ಹೇಗೆ ಹೇಳೋದು ಗೊತ್ತಾಗ್ತಿಲ್ಲ. ದೂರದಿಂದ ಬೂದಿ ಬಣ್ಣದ ಕೊಳಕು ಐಸ್ ಅನ್ಸುತ್ತೆ, ಮೇಲೆ ಧೂಳು, ಮಸಿ, ಬೆಂಕಿಯ ಬೂದಿ ಕೂತಿದೆ, ಆ ಕಪ್ಪು ಬಿಸಿಲನ್ನ ಹೀರ್ಕೊಂಡು ಕರಗೋದು ಇನ್ನೂ ಜಾಸ್ತಿ ಆಗುತ್ತೆ ಅಂತ ಗೈಡ್ ಹೇಳಿದ್ಳು. ಹತ್ರ ಹೋದ್ರೆ ಕಾಲಡಿ ಎಲ್ಲಾ ಕಡೆ ನೀರಿನ ಸದ್ದು. ಮೇಲೆ ಸಣ್ಣ ಸಣ್ಣ ತೊರೆ, ಒಳಗೆಲ್ಲೋ ಗುಡುಗುಡು. ಒಂದು ಕಡೆ ಬಾವಿ ತರ ದುಂಡಗೆ ತೂತು, ತೊರೆ ನೀರೆಲ್ಲಾ ಸುತ್ತಿ ಸುತ್ತಿ ಅದರೊಳಗೆ ಬೀಳ್ತಿತ್ತು, ಮೂಲಿನ್ ಅಂತಾರಂತೆ. ಗೈಡ್ ತನ್ನ ಐಸ್ ಕೊಡಲಿಯಿಂದ ಅಂಚು ತಟ್ಟಿ ನೋಡಿ, ಒಂದು ಹೆಜ್ಜೆ ಕಡಿದು, ಒಬ್ಬೊಬ್ಬರನ್ನೇ ಕೈ ಹಿಡಿದು ಒಳಗೆ ಇಣುಕಿಸಿದ್ಳು. ಒಳಗಿನ ನೀಲಿ ನಾನು ಬೇರೆ ಎಲ್ಲೂ ನೋಡಿಲ್ಲ. ಒತ್ತಡಕ್ಕೆ ಒಳಗಿನ ಗಾಳಿ ಗುಳ್ಳೆ ಎಲ್ಲಾ ಹಿಂಡಿ ಹೋಗಿ ಐಸ್ ಗಟ್ಟಿ ಆಗಿರುತ್ತೆ, ಬೆಳಕು ಅದರಲ್ಲಿ ಆಳಕ್ಕೆ ಹೋದಷ್ಟೂ ಕೆಂಪನ್ನ ಐಸ್ ನುಂಗಿ ನೀಲಿನ ಮಾತ್ರ ವಾಪಸ್ ಬಿಡುತ್ತಂತೆ. ಮಗ ಇದನ್ನ ಸ್ಕೂಲಲ್ಲಿ ಹೇಳ್ತೀನಿ ಅಂತ ಮೂರು ಸಲ ಬಾಯಿಪಾಠ ಮಾಡ್ದ.

ಇನ್ನೊಂದು ಕಡೆ ಒಂದು ಬಿರುಕು ದಾಟಬೇಕಿತ್ತು, ಅಗಲ ಒಂದು ಗೇಣೂ ಇಲ್ಲ, ಮಗ ಸಲೀಸಾಗಿ ದಾಟ್ದ, ನಾನು ನಿಂತ್ಬಿಟ್ಟೆ. ಕಲ್ಲುಮಂಜು ಅವರ ಕಾಲಿನ ಕಥೆ ತಲೇಲಿತ್ತು. ಗೈಡ್ ವಾಪಸ್ ಬಂದು ಅವಸರ ಮಾಡದೆ ಪಕ್ಕ ನಿಂತು, ಕೆಳಗೆ ನೋಡ್ಬೇಡಿ, ನಿಮ್ಮ ಮಗನ ಮುಖ ನೋಡಿ ಅಂದ್ಳು. ದಾಟಿದೆ. ಆ ದುಡ್ಡು ಯಾಕೆ ಕೊಟ್ವಿ ಅಂತ ಆ ಕ್ಷಣ ಅರ್ಥ ಆಯ್ತು.

ಸ್ನೋ ಡೋಮ್ ಕೇಳಿ ನೋಡಿದ್ವಿ, ಶಿಲಾಪ್ರೇಮಿ ಅವರಿಗೆ ಥ್ಯಾಂಕ್ಸ್. ಸಂಜೆ ನಾಲ್ಕೂ ಜನ ಸೇರಿ ವರ್ಷದ ಗುರುತುಗಳಿರೋ ದಾರಿ ಹಿಡಿದ್ವಿ, ಅಮ್ಮ ಕೋಲು ಹಿಡ್ಕೊಂಡು ಬಂದ್ರು. 1982 ಅಂತ ಬರೆದ ಗುರುತು ಬಂತು, ನಾನು ಹುಟ್ಟಿದ ವರ್ಷ. ಅಮ್ಮ ಅಲ್ಲೇ ನಿಂತ್ರು, ನೀನು ಹೊಟ್ಟೇಲಿದ್ದಾಗ ಇಲ್ಲಿ ಐಸ್ ಇತ್ತಾ ಅಂತ ಕೇಳಿ, ಮುಂದೆ ದೂರದಲ್ಲಿ ಕಾಣ್ತಿದ್ದ ಐಸಿನ ತುದಿ ಕಡೆ ನೋಡ್ತಾ ಇದ್ರು. ಅದಕ್ಕಿಂತ ಮುಂದೆ ಏರು ಇತ್ತು, ಮಂಡಿ ಕೇಳ್ಲಿಲ್ಲ, ಅವರು ಆ ಗುರುತಿನ ಹತ್ರಾನೇ ಕೂತ್ರು, ಮಗ ಓಡಿ ಹೋಗಿ ಐಸ್ ಕಾಣೋ ಕೊನೆವರೆಗೂ ನೋಡಿ ಬಂದು ಎಷ್ಟು ಹೆಜ್ಜೆ ಆಯ್ತು ಅಂತ ಅಜ್ಜಿಗೆ ಲೆಕ್ಕ ಒಪ್ಪಿಸ್ದ.

ವಾಪಸ್ ಬರೋ ದಿನ ಅಥಬಾಸ್ಕಾ ಫಾಲ್ಸ್ ನೋಡಿದ್ವಿ, 23 ಮೀಟರ್ ಅಷ್ಟೇ ಎತ್ತರ, ಆದ್ರೆ ಆ ಇಕ್ಕಟ್ಟು ಬಂಡೇಲಿ ಅಷ್ಟೂ ನೀರು ನುಗ್ಗೋ ರಭಸಕ್ಕೆ ನಿಂತ ನೆಲ ನಡುಗುತ್ತೆ. ಪೇಟೋಗೆ ಮಧ್ಯಾಹ್ನ ಒಂದು ಗಂಟೆಗೆ ಬಂದ್ವಿ, ಪಾರ್ಕಿಂಗಿಗೆ ಇಪ್ಪತ್ತೈದು ನಿಮಿಷ ಕಾದ್ವಿ, ಬಣ್ಣ ಮಾತ್ರ ನೀವು ಹೇಳಿದಂಗೇ. ಒಂದೇ ಬೇಜಾರು, ಬಾಡಿಗೆ ಕಾರಿನ ಕಂಪನಿಯವರು ಬುಕ್ ಮಾಡಿದ್ದಕ್ಕಿಂತ ಚಿಕ್ಕ ಕಾರು ಕೊಟ್ರು, ಸೂಟ್‌ಕೇಸ್ ಒಂದನ್ನ ಮೂರು ದಿನ ಮಗ ಕಾಲಡಿ ಇಟ್ಕೊಂಡೇ ಕೂತಿದ್ದ. ಕೌಂಟರ್ ಬಿಡೋ ಮುಂಚೆ ಡಿಕ್ಕಿ ತೆಗೆದು ನೋಡ್ಕೊಳ್ಳಿ.

ಕಲ್ಲುಮಂಜು

ಓದಿ ಕಣ್ಣು ತುಂಬಿ ಬಂತು ಮಳೆಹನಿ ಅವರೇ. ಅಮ್ಮಂಗೆ ನನ್ನ ನಮಸ್ಕಾರ ಹೇಳಿ.

ಹೊಸಬ_07

ಈ ಥ್ರೆಡ್ ಈಗ ಸಿಕ್ತು, ಪೂರ್ತಿ ಓದಿದೆ. ನಾವು ಇಬ್ಬರು ಅಕ್ಟೋಬರ್ ಎರಡನೇ ವಾರ ಹೋಗೋ ಯೋಚನೆ ಇದೆ, ಹಳದಿ ಲಾರ್ಚ್ ಮರಗಳೂ ಸಿಗಬಹುದು, ಜನಾನೂ ಕಮ್ಮಿ ಇರುತ್ತೆ ಅಂತ. ಹೈಕ್ ಆಗುತ್ತಾ?

ದಾರಿಹೋಕ_ವೈವೈಸಿ

ಲಾರ್ಚ್ ಬೇಕಾದ್ರೆ ಸೆಪ್ಟೆಂಬರ್ ಕೊನೆ ವಾರಕ್ಕೆ ತನ್ನಿ, ಅಕ್ಟೋಬರ್ ಎರಡನೇ ವಾರಕ್ಕೆ ಸೂಜಿಯೆಲೆ ಬಹುಪಾಲು ಉದುರಿರುತ್ತೆ. ಹೈಕೂ ಬಸ್ಸೂ ಆ ಹೊತ್ತಿಗೆ ಸೀಸನ್ ಮುಗಿಸೋ ಹಂತದಲ್ಲಿರುತ್ತೆ, ಟಿಕೆಟ್ ಕೈಗೆ ಬರೋವರೆಗೂ ರೂಮ್ ಬುಕ್ ಮಾಡಬೇಡಿ. ಚಳಿಗಾಲದ ಟೈರು ನವೆಂಬರ್ 1ರಿಂದ ಏಪ್ರಿಲ್ 1ರವರೆಗೆ ಆ ರಸ್ತೇಲಿ ಕಡ್ಡಾಯ, ಆದ್ರೆ ಸುನ್ವಾಪ್ಟಾ ಪಾಸ್ 2,000 ಮೀಟರಿಗಿಂತ ಎತ್ತರದಲ್ಲಿದೆ, ಅಕ್ಟೋಬರಲ್ಲೇ ರಸ್ತೆ ಬಿಳಿ ಆಗಿರೋದನ್ನ ನಾನೇ ನೋಡಿದ್ದೀನಿ. ಬಾಡಿಗೆ ಕಾರಿಗೆ ಚಳಿಗಾಲದ ಟೈರ್ ಇದೆಯಾ ಅಂತ ಫೋನ್ ಮಾಡಿ ಕೇಳಿ, ಇಲ್ಲ ಅಂದ್ರೆ ಬೇರೆ ಕಡೆ ನೋಡಿ.